ಫಕೀರೇಶ ತಾನೇ ಇಟ್ಟ ಕಲ್ಲು

ಬೇರೆಯವರು ಇಡಬೇಕಾದ ಕಲ್ಲನ್ನು ಫಕೀರೇಶ ತಾನೇ ಇಟ್ಟ. ತಪ್ಪು ಇದು.

ಅವನು ಲಂಚ ಮುಟ್ಟಲಿಲ್ಲ. ಯಾರ ಮೇಲೂ ಕೈ ಮಾಡಲಿಲ್ಲ. ಒಂದು ಕಲ್ಲನ್ನೆತ್ತಿ ಒಂದು ಹಾಳೆಯ ಮೇಲೆ ಇಟ್ಟ, ಅಷ್ಟೇ. ಅಷ್ಟಕ್ಕೇ ಅರ್ಧ ಗುಡ್ಡ ಕೈಬಿಟ್ಟು ಹೋಗುವುದರಲ್ಲಿತ್ತು.

ಹೊಳೆಯ ದಂಡೆಗೆ ತಗಡು ಹೊದಿಸಿದ ಮೂರು ಕೋಣೆ, ಒಂದು ಪಡಸಾಲೆ, ಮುಂದೊಂದು ಬೇವಿನ ಮರ. ಜನ ಅದನ್ನು ಆಶ್ರಮ ಎನ್ನುತ್ತಿದ್ದರು. ಅಲ್ಲಿ ಪೂಜೆಯೂ ಇರಲಿಲ್ಲ, ಪ್ರವಚನವೂ ಇರಲಿಲ್ಲ. ತಮ್ಮ ಮಾತು ತಿಳಿಯದ ಊರಿಗೆ ತಮ್ಮ ಮಾತು ಮುಟ್ಟಿಸಬೇಕಾದವರು ಅಲ್ಲಿಗೆ ಬರುತ್ತಿದ್ದರು. ಅಲ್ಲಿದ್ದವರು ಅದನ್ನು ಬೇರೆ ಭಾಷೆಗೆ ಮಾಡಿಕೊಡುತ್ತಿದ್ದರು.

ಗುರುವಿನ ಹೆಸರು ಚನ್ನಬಸಯ್ಯ. ಎಲ್ಲರ ಬಾಯಲ್ಲೂ ಅಜ್ಜಾರು. ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವರು. ಪುದುಚೇರಿಯ ಅಚ್ಚುಕೂಟವೊಂದರಲ್ಲಿ ಮೂವತ್ತು ವರ್ಷ ಅಕ್ಷರದ ಮೊಳೆ ಜೋಡಿಸುತ್ತ ಜೋಡಿಸುತ್ತ ಬೆರಳಿನಿಂದಲೇ ಫ್ರೆಂಚು ಕಲಿತವರು.

ಫಕೀರೇಶ ಹಾಗಲ್ಲ. ವಿಶ್ವವಿದ್ಯಾಲಯದಲ್ಲಿ ಫ್ರೆಂಚು ಓದಿ ಎಲ್ಲರಿಗಿಂತ ಮುಂದೆ ಬಂದವನು. ಎರಡು ವರ್ಷದಿಂದ ಅಜ್ಜಾರ ಬಳಿ ಇದ್ದ.

ಆಶ್ರಮಕ್ಕೆ ಇದ್ದದ್ದು ಒಂದೇ ಕಟ್ಟಳೆ. ಬರೆದ ಹಾಳೆ ಹೊರಗೆ ಹೋಗುವ ಮುನ್ನ, ಅದು ಯಾರ ಮಾತೋ ಅವರನ್ನು ಎದುರಿಗೆ ಕೂರಿಸಿಕೊಂಡು, ಅವರ ಭಾಷೆಯಲ್ಲೇ ತಿರುಗಿ ಹೇಳಬೇಕು. ತಮ್ಮ ಮಾತು ಅದೇ ಎಂದು ಅನ್ನಿಸಿದರೆ ಅವರು ತಮ್ಮ ನೆಲದಿಂದ ತಂದ ಒಂದು ಸಣ್ಣ ಕಲ್ಲನ್ನು ಹಾಳೆಯ ಮೇಲೆ ಇಡುತ್ತಾರೆ.

ಹೊಳೆಯ ಗಾಳಿಗೆ ಕಲ್ಲಿಲ್ಲದ ಹಾಳೆ ಪಡಸಾಲೆಯಲ್ಲಿ ನಿಲ್ಲುತ್ತಿರಲಿಲ್ಲ. ಕಲ್ಲಿಲ್ಲದ ಹಾಳೆಯನ್ನು ಅಜ್ಜಾರು ಕಳಿಸುತ್ತಲೂ ಇರಲಿಲ್ಲ.

ಆ ಸಲ ಬಂದ ಕೆಲಸ ಒಂದು ಗುಡ್ಡದ್ದು.

ಫ್ರಾನ್ಸಿನ ಒಂದು ಊರು ತನ್ನ ಪುರಸಭೆಯ ಮುಂದಿನ ಚೌಕಕ್ಕೆ ಹಾಸಲು ಕೆಂಪು ಕಲ್ಲು ಹುಡುಕುತ್ತಿತ್ತು. ಅವರು ನೋಡಿದ್ದ ಕಲ್ಲು ನಮ್ಮ ಸೀಮೆಯ ಕೆಂಗುಡ್ಡದ್ದು. ಅರ್ಧ ಗುಡ್ಡವನ್ನು ಕಲ್ಲು ಮಾರುವ ಕಂಪನಿಯೊಂದು ಆಗಲೇ ಕೊಯ್ದು ಹಡಗು ಹತ್ತಿಸಿತ್ತು. ಉಳಿದ ಅರ್ಧ ಆ ಚೌಕಕ್ಕೆ ಹೋಗುವುದಿತ್ತು.

ಆ ಊರಿನವರಿಗೆ ಒಂದು ಅನುಮಾನ ಬಂದಿತ್ತು. ಗುಡ್ಡದ ಮೇಲೆ ಜನ ಇದ್ದರೇ, ಇದ್ದರೆ ಅವರೇನಾದರು ಎಂದು ಕೇಳಿದ್ದರು. ಉತ್ತರ ತಮ್ಮ ಭಾಷೆಯಲ್ಲೇ ಬೇಕು, ಶನಿವಾರ ಸಭೆ ಸೇರಿ ತೀರ್ಮಾನ ಮಾಡುತ್ತೇವೆ ಎಂದಿದ್ದರು.

ಆಶ್ರಮಕ್ಕೆ ಬಂದದ್ದು ಒಂದೂವರೆ ಹಾಳೆ ಇಂಗ್ಲಿಷು. ಹುಲಿಗೆವ್ವ ಎಂಬ ಗುಡ್ಡದ ಹೆಂಗಸು ಕನ್ನಡದಲ್ಲಿ ಹೇಳಿದ್ದನ್ನು ಯಾವನೋ ಅಧಿಕಾರಿ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದ. ಅವಳ ಕನ್ನಡವನ್ನು ಯಾರೂ ಇಟ್ಟುಕೊಂಡಿರಲಿಲ್ಲ. ಆ ಹಾಳೆಯಲ್ಲಿ ಅವಳದು ಎಂಬುದು ಕೆಳಗಿನ ಹೆಬ್ಬೆಟ್ಟು ಮಾತ್ರ.

ನಡುವೆ ಒಂದು ಪದ ಇತ್ತು. ಸೆಟಲ್. ಗುಡ್ಡದ ಜನರನ್ನು ಸೆಟಲ್ ಮಾಡಲಾಯಿತು. ಪೂರ್ಣವಿರಾಮ.

ಫಕೀರೇಶ ಅಲ್ಲಿ ಸಿಕ್ಕಿಬಿದ್ದ.

ಇಂಗ್ಲಿಷಿನಲ್ಲಿ ಜಗಳ ಬಗೆಹರಿದರೂ ಅದೇ ಪದ. ಜನರಿಗೆ ನೆಲೆ ಮಾಡಿಕೊಟ್ಟರೂ ಅದೇ. ಕೊಡದೊಳಗಿನ ನೀರಿನ ರಾಡಿ ತಳಕ್ಕೆ ಕೂತರೂ ಅದೇ. ಮಗ ನೌಕರಿ ಹಿಡಿದು ಮದುವೆಯಾದ ಎಂದು ನಮ್ಮೂರ ಹಿರಿಯರು ಹೇಳುವಾಗಲೂ ಅದೇ. ಫ್ರೆಂಚಿನಲ್ಲಿ ಆ ಸವಲತ್ತು ಇಲ್ಲ. ಒಂದೊಂದಕ್ಕೆ ಒಂದೊಂದು ಪದ, ಬರೆಯುವವನು ಆರಿಸಲೇಬೇಕು. ಆರಿಸಬೇಕೆಂದರೆ ಏನು ನಡೆಯಿತೆಂದು ಅವನಿಗೆ ಗೊತ್ತಿರಬೇಕು.

ಫಕೀರೇಶನಿಗೆ ಗೊತ್ತಿರಲಿಲ್ಲ.

ಮೂರು ದಿನ ಐದು ನಿಘಂಟು ತೆರೆದು ಕೂತ. ಊಟಕ್ಕೆ ಕರೆದರೆ ಕೈ ಬೀಸಿದ. ಕೊನೆಗೆ, ಮನೆ ಕೊಟ್ಟು ನೆಲೆಗೊಳಿಸಿದರು ಎಂಬ ಅರ್ಥದ ಪದವನ್ನು ಆರಿಸಿದ. ಅದು ವಾಕ್ಯಕ್ಕೆ ಒಪ್ಪಿತು. ಓದಲು ಇಂಪಾಗಿತ್ತು. ಅವನಿಗೆ ಬಹಳ ಸಮಾಧಾನವಾಯಿತು.

ಹುಲಿಗೆವ್ವ ಇದ್ದದ್ದು ಹೊಳೆಯ ಆಚೆಗೆ, ಒಂದು ಮೈಲಿ ದೂರ. ಅಧಿಕಾರಿ ಹಾಳೆಯ ತಲೆಯಲ್ಲೇ ಅವಳ ವಿಳಾಸ ಬರೆದಿದ್ದ. ಹೊಳೆಯಲ್ಲಿ ನಡುಮಟ್ಟ ನೀರು. ಫಕೀರೇಶನ ಹತ್ತಿರ ಇಸ್ತ್ರಿ ಮಾಡಿದ ಪ್ಯಾಂಟು ಎರಡೇ ಇದ್ದವು.

ಬುಧವಾರ ಅಜ್ಜಾರು ಪರ ಊರಿಗೆ ಹೋಗಿದ್ದರು. ಫಕೀರೇಶ ದಂಡೆಯಿಂದ ಒಂದು ಕಲ್ಲು ಆರಿಸಿ ತಂದು ಹಾಳೆಯ ಮೇಲಿಟ್ಟ. ಅದರ ಪ್ರತಿಯನ್ನು ತಾಲೂಕಿನ ಪೇಟೆಗೆ ಒಯ್ದು ಕಂಪ್ಯೂಟರ್ ಅಂಗಡಿಯಿಂದ ಫ್ರಾನ್ಸಿಗೆ ಕಳಿಸಿದ. ಕೆಳಗೆ ಸಹಿಯನ್ನೂ ಮಾಡಿದ್ದ. ಈ ಅನುವಾದ ಸರಿಯಾಗಿದೆಯೆಂದು ನಾನು ಪ್ರಮಾಣೀಕರಿಸುತ್ತೇನೆ.

ಗುರುವಾರ ಬೆಳಿಗ್ಗೆ ಅಜ್ಜಾರು ಬಂದರು. ಹಾಳೆಯನ್ನು ನೋಡಲಿಲ್ಲ. ಕಲ್ಲು ನೋಡಿದರು.

"ಈ ಕಲ್ಲು ಯಾರದು?"

"ಹುಲಿಗೆವ್ವಂದ್ರಿ, ಅಜ್ಜಾರ."

ಕಲ್ಲು ಬೂದು ಬಣ್ಣದ್ದು. ನೀರಿನಲ್ಲಿ ಉರುಳಿ ಉರುಳಿ ನುಣ್ಣಗಾದದ್ದು. ಕೆಂಗುಡ್ಡದ ಕಲ್ಲು ಕೆಂಪು, ಒರಟು. ಮುಟ್ಟಿದರೆ ಕೈ ತರಚುತ್ತದೆ.

ಅಜ್ಜಾರು ಬೈಯಲಿಲ್ಲ. ಕಲ್ಲನ್ನು ಎತ್ತಿ ಹೊಳೆಗೆ ಒಗೆದರು. ಹಾಳೆ ಗಾಳಿಗೆ ಎದ್ದು ಪಡಸಾಲೆ ದಾಟಿ ಬೇವಿನ ಮರದ ಬುಡಕ್ಕೆ ಬಿತ್ತು. ಫಕೀರೇಶ ಓಡಿ ಹೋಗಿ ಹಿಡಿದ.

ಹಿಡಿದುಕೊಂಡು ಬಂದವನು ನಿಜ ಹೇಳಿದ. ಪ್ರತಿ ಆಗಲೇ ಹೋಗಿದೆ ಎಂದ. ಹೇಳಿದ ಮೇಲೆ ಸುಮ್ಮನಿರಲಿಲ್ಲ, ವಾದಕ್ಕೂ ನಿಂತ. ಮೂರು ದಿನ ಒದ್ದಾಡಿದ್ದನ್ನು ಹೇಳಿದ, ಐದು ನಿಘಂಟಿನ ಹೆಸರು ಹೇಳಿದ. ಆರಿಸಿದ ಪದ ಎಷ್ಟು ತೂಕದ್ದೆಂದು ವಿವರಿಸಿದ.

"ಅಜ್ಜಾರ, ನಾ ಇಂಗ್ಲಿಷಿನಾಗ ಇದ್ದದ್ದನ್ನ ಫ್ರೆಂಚಿಗೆ ತರಾಂವ. ಅಲ್ಲಿ ಸೆಟಲ್ ಅಂತ ಐತಿ. ಇಲ್ಲದ್ದನ್ನ ನಾ ಹ್ಯಾಂಗ ಬರೀಲಿ?"

ಅಜ್ಜಾರು ಅಡುಗೆಕೋಣೆಯ ಕಡೆ ಕೈ ತೋರಿಸಿದರು.

"ಬೀಸುಕಲ್ಲು ನುಣ್ಣಗಾಗೇತಿ, ತಮ್ಮಾ. ಮ್ಯಾಲಿನ ಹೋಳು ಹೊತ್ಕೊಂಡು ಹೊಳಿ ದಾಟು. ಆಚಿ ತಗಡಿನ ಮನಿ ಅದಾವು. ಅಲ್ಲೊಬ್ಬಾಕಿ ಉಳಿ ಹಾಕಿ ಕೊಡ್ತಾಳ. ಹಾಕಿಸ್ಕೊಂಡು ಬಾ."

"ಈಗೇನ್ರಿ? ನಾಡದು ಅಲ್ಲಿ ಸಭಾ ಐತಿ."

"ಅದಕ್ಕ ಈಗ."

ಬೀಸುಕಲ್ಲು ಬಳಸಿ ಬಳಸಿ ಸವೆದರೆ ಕಾಳು ಜಾರುತ್ತದೆ, ಒಡೆಯುವುದಿಲ್ಲ. ಆಗ ಅದರ ಮುಖಕ್ಕೆ ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆಸಬೇಕು. ಫಕೀರೇಶನಿಗೆ ಅದೂ ಗೊತ್ತಿರಲಿಲ್ಲ. ಆಶ್ರಮಕ್ಕೆ ರೊಟ್ಟಿಯ ಹಿಟ್ಟು ಗಿರಣಿಯಿಂದ ಬರುತ್ತಿತ್ತು. ಆ ಕಲ್ಲು ಮೂಲೆಯಲ್ಲಿ ಇರುವುದನ್ನು ಕಂಡಿದ್ದ, ಅಷ್ಟೇ.

ಕಲ್ಲು ಹೆಗಲಿಗೇರಿಸಿ ಹೊಳೆಗೆ ಇಳಿದ. ಇಸ್ತ್ರಿ ಮಾಡಿದ ಪ್ಯಾಂಟು ನಡುಮಟ್ಟ ತೋಯ್ದಿತು.

ಆಚೆ ದಂಡೆಯೆಲ್ಲ ಎರೆ ಭೂಮಿ. ಕಪ್ಪು ಮಣ್ಣು, ಕಣ್ಣು ಹಾಯುವ ತನಕ ಹರಳೂ ಸಿಗದಂಥ ನೆಲ. ಅದರ ಅಂಚಿಗೆ ಸಾಲಾಗಿ ತಗಡಿನ ಮನೆಗಳು. ಒಂದರ ಮುಂದೆ ಗೋಣಿ ತಾಟು ಕಟ್ಟಿದ ನೆರಳು, ನೆರಳಲ್ಲಿ ಒಬ್ಬ ಹೆಂಗಸು. ಐವತ್ತೈದು ದಾಟಿದ ವಯಸ್ಸು. ಒಂದು ಕೆಂಪು ಕಲ್ಲಿನ ಮೇಲೆ ಕೂತಿದ್ದಳು. ಅವಳ ಸುತ್ತ ಅದೊಂದೇ ಕಲ್ಲು.

ಫಕೀರೇಶ ಹೊರೆ ಇಳಿಸಿದ. ಅವಳು ಕಲ್ಲನ್ನು ಮಗುಚಿ ಅಂಗೈಯಿಂದ ಸವರಿ ನೋಡಿದಳು.

"ಏನು ಬೀಸ್ತೀರಿ ಇದರಾಗ?"

"ಏನೋ ಒಂದು. ನೀ ಉಳಿ ಹಾಕವ್ವ, ನನಗ ಹೊತ್ತಾಗತೈತಿ."

"ಏನೋ ಒಂದು ಬೀಸೋ ಕಲ್ಲು ನಮ್ಮ ಕುಲದಾಗ ಯಾರೂ ಮಾಡಿಲ್ಲೊ ಯಪ್ಪಾ. ಜೋಳಕ್ಕಾದ್ರ ಗುಳಿ ಒತ್ತೊತ್ತಾಗಿ ಬೀಳಬೇಕು. ಬ್ಯಾಳಿಗಾದ್ರ ದೂರ ದೂರ. ಬ್ಯಾಳಿ ಒಡಿಯೋ ಕಲ್ಲಿಗೆ ಜೋಳದ ಉಳಿ ಹಾಕಿದ್ರ ಎಲ್ಲಾ ಹಿಟ್ಟಾಗತೈತಿ."

ಫಕೀರೇಶ ಒಂದು ಗಳಿಗೆ ಯೋಚಿಸಿದ. ಈ ಸೀಮೆಯಲ್ಲಿ ಬೀಸುವುದು ಜೋಳವೇ ತಾನೆ.

"ಜೋಳ ಅಂತ ತಿಳ್ಕೊಂಡು ಹಾಕಿಬಿಡು."

ಅವಳು ಉಳಿ ಕೆಳಗಿಟ್ಟಳು.

"ತಿಳ್ಕೊಂಡು ಅಂದ್ರ? ಗೊತ್ತಿದ್ರ ಹೇಳು, ಇಲ್ಲದಿದ್ರ ಕೇಳ್ಕೊಂಡು ಬಾ. ಏಟು ಬಿದ್ದ ಮ್ಯಾಲೆ ಗುಳಿ ತುಂಬಾಕ ಬರೂದಿಲ್ಲ." ಅವನ ತೋಯ್ದ ಪ್ಯಾಂಟು ನೋಡಿ ಸಣ್ಣಗೆ ನಕ್ಕಳು. "ಸಾಲಿ ಬಾಳ ಕಲ್ತಿರಬೇಕು ನೀ. ಕಲ್ತವ್ರಿಗೆ ಕೇಳಾಕ ನಾಚಿಕಿ."

ಕಲ್ಲನ್ನು ಅಲ್ಲೇ ಬಿಟ್ಟು ಅವನು ತಿರುಗಿ ಹೊರಟ. ಒಂದು ಮೈಲಿ ಬಿಸಿಲು, ಆಮೇಲೆ ಹೊಳೆ. ದಾರಿಯುದ್ದಕ್ಕೂ ಬೈದುಕೊಂಡ. ಮೊದಲು ಅವಳನ್ನು, ಆಮೇಲೆ ಅಜ್ಜಾರನ್ನು.

ಅಜ್ಜಾರು ದಂಡೆಯಲ್ಲೇ ಕೂತು ಅಂಗಿ ಒಗೆಯುತ್ತಿದ್ದರು. ಫಕೀರೇಶ ನೀರಲ್ಲೇ ನಿಂತು, ಆ ಕಲ್ಲಿನಲ್ಲಿ ಏನು ಬೀಸುತ್ತೇವೆ ಎಂದು ಕೇಳಿದ.

"ಯಾಕೊ, ನಿಘಂಟಿನಾಗ ಸಿಗಲಿಲ್ಲೇನು?"

ಫಕೀರೇಶ ಇನ್ನೊಮ್ಮೆ ಅದನ್ನೇ ಕೇಳಿದ.

"ತೊಗರಿ ಬ್ಯಾಳಿ," ಎಂದು ಅಜ್ಜಾರು ಅಂಗಿ ಹಿಂಡಿದರು.

ಜೋಳ ಅಲ್ಲ.

ಮತ್ತೆ ಹೊರಟವನು ನಡುಹೊಳೆಯಲ್ಲಿ ನಿಂತುಬಿಟ್ಟ. ನೀರು ಸೊಂಟದ ಎರಡೂ ಕಡೆಗೆ ಹರಿದು ಹೋಗುತ್ತಿತ್ತು. ಅವಳ ಹೆಸರನ್ನೂ ಅವನು ಕೇಳಿರಲಿಲ್ಲ.

ಗೋಣಿ ತಾಟಿನ ನೆರಳು ಮುಟ್ಟಿದವನೇ ತೊಗರಿ ಬೇಳೆ ಎಂದ. ಅದೇ ಉಸಿರಿನಲ್ಲಿ, "ನಿನ್ನ ಹೆಸರೇನವ್ವ?" ಎಂದ.

"ಹುಲಿಗೆವ್ವ."

ಅವನು ಮಣ್ಣಿನಲ್ಲಿ ಕೂತ.

ಹುಲಿಗೆವ್ವ ಉಳಿ ಹಾಕತೊಡಗಿದಳು. ಒಂದೊಂದೇ ಏಟು, ದೂರ ದೂರ. ಎಷ್ಟೋ ಏಟು ಬಿದ್ದ ಮೇಲೆ ಫಕೀರೇಶ ಬಾಯಿ ಬಿಟ್ಟ. ನಿನ್ನ ಮಾತು ಹಾಳೆಯಲ್ಲಿ ನನ್ನ ಹತ್ತಿರ ಬಂದಿತ್ತು, ಅದನ್ನು ದೂರದ ಊರಿನವರ ಭಾಷೆಗೆ ಮಾಡಿ ಕಳಿಸಿದ್ದೇನೆ ಎಂದ. ಅವಳು ತಲೆಯಾಡಿಸಿದಳು. ಆ ಸಾಹೇಬರಿಗೆ ಹೊತ್ತು ಏರಿದಾಗಿನಿಂದ ಇಳಿಯುವ ತನಕ ಹೇಳಿದ್ದೆ, ಪಾಪ, ಬರೆದುಕೊಂಡರು ಎಂದಳು. ಏನೇನು ಬರೆದಿದ್ದಾರೆ ಎಂದು ಕೇಳಿದಳು.

ಫಕೀರೇಶ ತನ್ನ ಫ್ರೆಂಚನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ. ಅವಸರ ಮಾಡಲಿಲ್ಲ, ಏನೂ ಬಿಡಲಿಲ್ಲ. ಗುಡ್ಡದ ಮೇಲಿದ್ದ ಜನರಿಗೆ ಮನೆ ಕೊಟ್ಟು ಅವರನ್ನು ನೆಲೆಗೊಳಿಸಿದರು ಎಂಬಲ್ಲಿಗೆ ಬಂದ.

ಹುಲಿಗೆವ್ವ ಉಳಿ ನಿಲ್ಲಿಸಿ ಕಿವಿಗೊಟ್ಟು ಕೇಳಿದಳು. ಸಿಟ್ಟು ಮಾಡಲಿಲ್ಲ. ನಗಲೂ ಇಲ್ಲ.

"ಅವರು ಯಾವ ಊರವರಪ್ಪಾ? ಪುಣ್ಯವಂತರು."

ಅವಳು ನಿಜಕ್ಕೂ ಕೇಳುತ್ತಿದ್ದಳು. ಅದು ಬೇರೆ ಯಾರದೋ ಸುದ್ದಿ ಎಂದುಕೊಂಡಿದ್ದಳು.

ಅದು ನಿಮ್ಮದೇ ಸುದ್ದಿ ಎಂದು ಫಕೀರೇಶ ಹೇಳಿದ. ಹೇಳಿದ ಮೇಲೆ, ನಿಮ್ಮನ್ನು ಗುಡ್ಡದಿಂದ ಹೇಗೆ ತಂದರು ಎಂದು ಕೇಳಿದ. ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಅದು.

ಅವಳು ಉಳಿ ಹಾಕುತ್ತಲೇ ಹೇಳಿದಳು. ಅವತ್ತು ಸಂತೆ. ಗಂಡಸರೆಲ್ಲ ಒಳಕಲ್ಲು, ಬೀಸುಕಲ್ಲು ಹೊತ್ತು ಸಂತೆಗೆ ಹೋಗಿದ್ದರು. ಗುಡ್ಡದಲ್ಲಿ ಹೆಂಗಸರು, ಮುದುಕರು, ಮಕ್ಕಳು. ಲಾರಿ ಬಂದವು. ಹೊಸ ಮನೆ ತೋರಿಸುತ್ತೇವೆ ಹತ್ತಿರಿ ಎಂದರು. ಹುಲಿಗೆವ್ವ ಬೀಸುಕಲ್ಲಿನಲ್ಲಿ ಅರ್ಧ ಜೋಳ ಹಾಗೇ ಬಿಟ್ಟು ಹತ್ತಿದಳು. ಒಲೆ ಆರಿಸಿರಲಿಲ್ಲ. ಮೊಮ್ಮಗಳು ಒಲೆಯ ಮುಂದಿನ ಕಲ್ಲು ಬಿಟ್ಟು ಏಳಲಿಲ್ಲವೆಂದು ಡ್ರೈವರನೇ ನಕ್ಕು ಆ ಕಲ್ಲನ್ನೂ ಲಾರಿಗೆ ಹಾಕಿದ. ಈಗ ತಾನು ಕೂತಿರುವುದು ಅದರ ಮೇಲೆಯೇ ಎಂದಳು.

"ಸಂಜಿಗೆ ತಂದು ಬಿಡ್ತೀವಿ ಅಂದ್ರು. ಮೂರು ವರ್ಷ ಆತು. ಆ ಸಂಜಿ ಇನ್ನಾ ಬಂದಿಲ್ಲ."

ಮರುದಿನ ನಡೆದು ಹೋಗಿ ನೋಡಿದರೆ ತಂತಿ ಬೇಲಿ. ಒಳಗೆ ಯಂತ್ರ. ಹೊಸ ಮನೆ ಯಾರೂ ತೋರಿಸಲಿಲ್ಲ, ಈ ತಗಡನ್ನು ತಾವೇ ತಂದು ಹೊದಿಸಿಕೊಂಡರು. ಗುಡ್ಡದ ಮೂಡಲ ಮಗ್ಗುಲಲ್ಲಿ ಅವರ ಗೋರಿಗಳಿದ್ದವು, ಅವಳ ಅತ್ತೆ ಮಾವಂದಿರು ಅಲ್ಲಿ. ಕಲ್ಲಿಗೆ ಮದ್ದು ತುಂಬಿ ಸುರಂಗ ಹಾರಿಸಿದಾಗ ಹೋದವು. ಪಡುವಲ ಮಗ್ಗುಲು ಉಳಿದಿದೆ. ಅಲ್ಲಿಯ ಗೋರಿಯಲ್ಲಿ ಗಂಡ ಇದ್ದಾನೆ.

ಅದೇ ಉಳಿದ ಅರ್ಧ. ಶನಿವಾರ ತೀರ್ಮಾನವಾಗುವುದು ಅದೇ.

ಫಕೀರೇಶನ ಅಂಗಿಯ ಎದೆಕಿಸೆಯಲ್ಲಿ ಪೆನ್ಸಿಲೂ ಮಡಚಿದ ಇಂಗ್ಲಿಷ್ ಹಾಳೆಯೂ ಇದ್ದವು. ಆ ಹಾಳೆಯ ಬೆನ್ನಿಗೆ ಕನ್ನಡದಲ್ಲಿ ಬರೆದುಕೊಂಡ. ಬರೆದದ್ದನ್ನು ಅವಳಿಗೆ ಓದಿ ಹೇಳಿದ. ಅವಳು ಎರಡು ಕಡೆ ತಡೆದಳು. ಲಾರಿ ಎರಡಲ್ಲ, ಮೂರು, ಮೂರನೆಯದರಲ್ಲಿ ದನ ಇದ್ದವು. ಬೇಲಿಯ ಮುಂದೆ ತಾನು ಕಣ್ಣೀರು ಹಾಕಿದ್ದಾಗಿ ಬರೆದದ್ದು ತಪ್ಪು, ತಾನು ಅಳಲಿಲ್ಲ, ಯಂತ್ರಕ್ಕೆ ಕಲ್ಲು ಒಗೆದೆ ಎಂದಳು. ಅವನು ತಿದ್ದಿ ಮತ್ತೆ ಓದಿದ.

ಹುಲಿಗೆವ್ವ ಎದ್ದಳು. ತಾನು ಕೂತಿದ್ದ ಕೆಂಪು ಕಲ್ಲಿನ ಮೂಲೆಗೆ ಉಳಿ ಇಟ್ಟು ಒಂದೇ ಏಟು ಹಾಕಿದಳು. ಚೂರು ಸಿಡಿಯಿತು. ಅದನ್ನು ಹೆಕ್ಕಿ, ಸೆರಗಿನಲ್ಲಿ ಒರೆಸಿ, ಹಾಳೆಯ ಮೇಲೆ ಇಟ್ಟಳು.

ಗುಡ್ಡದ್ದು ಎಂದು ಅವಳ ಪಾಲಿಗೆ ಉಳಿದಿದ್ದ ಕಲ್ಲು ಅದೊಂದೇ. ಅದರಲ್ಲೂ ಇಷ್ಟು ಒಡೆದು ಕೊಟ್ಟಳು.

ಹೊತ್ತು ಇಳಿಯುವಾಗ ಫಕೀರೇಶ ಹೆಗಲಿಗೆ ಬೀಸುಕಲ್ಲು, ತಲೆಗೆ ಸುತ್ತಿದ ವಸ್ತ್ರದಲ್ಲಿ ಹಾಳೆ ಮತ್ತು ಚೂರು ಇಟ್ಟುಕೊಂಡು ದಾಟಿ ಬಂದ. ಎಲ್ಲವನ್ನೂ ಅಜ್ಜಾರ ಮುಂದಿಟ್ಟ. ಇನ್ನು ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು, ಆದರೂ ಹೆದರಿಕೆ ಬಿಟ್ಟಿರಲಿಲ್ಲ. ಪ್ರಮಾಣೀಕರಿಸಿ ಸಹಿ ಮಾಡಿದ್ದನ್ನು ಸುಳ್ಳೆಂದು ತಾನೇ ಬರೆದುಕೊಟ್ಟರೆ, ಮುಂದೆ ಯಾರು ತನ್ನ ಕೈಗೆ ಹಾಳೆ ಕೊಡುತ್ತಾರೆ ಎಂದ.

"ನನ್ನ ಹೆಸರು ಹೋಗತೈತ್ರಿ, ಅಜ್ಜಾರ."

"ಅಕಿ ಗುಡ್ಡ ಹೋಗತೈತಿ."

ಫಕೀರೇಶ ಕೂತು ಬರೆದ. ಈ ಸಲ ನಿಘಂಟು ತೆರೆಯಬೇಕಾಗಲಿಲ್ಲ. ಲಾರಿ, ಸಂತೆ, ಒಲೆ, ಸಂಜೆ, ಬೇಲಿ. ಫ್ರೆಂಚಿನಲ್ಲಿ ಇವಕ್ಕೆಲ್ಲ ಮಕ್ಕಳಿಗೂ ತಿಳಿಯುವ ಪದಗಳಿವೆ. ಯಾರು ತಂದರು, ಏನು ಹೇಳಿ ತಂದರು, ಏನು ಮಾಡಲಿಲ್ಲ ಎಂದು ಒಂದೊಂದೇ ವಾಕ್ಯ ಬರೆದ. ಕೊನೆಗೆ ತನ್ನ ತಪ್ಪನ್ನೂ ಬರೆದ.

ಇಂಗ್ಲಿಷಿನ ಆ ಪದಕ್ಕೆ ಹಲವು ಅರ್ಥಗಳಿವೆ. ನಾನು ಆ ಹೆಂಗಸನ್ನು ಕೇಳದೆ ಒಂದನ್ನು ಆರಿಸಿ ಸಹಿ ಮಾಡಿದೆ. ಈಗ ಕೇಳಿ ಬಂದಿದ್ದೇನೆ. ಅವುಗಳಲ್ಲಿ ಒಂದೂ ನಡೆದಿಲ್ಲ.

ಅಜ್ಜಾರು ಓದಿದರು. ಅಷ್ಟೊಂದು ಅರ್ಥಗಳ ಪದವನ್ನು ಆ ಅಧಿಕಾರಿ ಯಾಕೆ ಹುಡುಕಿ ಇಟ್ಟ ಎಂದು ಫಕೀರೇಶ ಕೇಳಿದ. ಅಜ್ಜಾರು ಕೆಂಪು ಚೂರನ್ನು ಎತ್ತಿ ಅವನ ಅಂಗೈಗೆ ಇಟ್ಟು ಮುಷ್ಟಿ ಮುಚ್ಚಿಸಿದರು, ಗಟ್ಟಿಯಾಗಿ ಒತ್ತಿದರು. ಫಕೀರೇಶ ನೋವಿಗೆ ಕೈ ಎಳೆದುಕೊಂಡ.

"ನುಣ್ಣನ ಕಲ್ಲು ಹಿಡಿಯೋರ ಕೈಗೆ ಚುಚ್ಚೂದಿಲ್ಲ. ಅದಕ್ಕ," ಎಂದರು.

ಶುಕ್ರವಾರ ಅಂಗಡಿ ಬಾಗಿಲು ತೆರೆಯುವ ಮೊದಲೇ ಫಕೀರೇಶ ಅದರ ಮುಂದೆ ನಿಂತಿದ್ದ.

ಶನಿವಾರ ಸುದ್ದಿ ಬರಲಿಲ್ಲ. ಭಾನುವಾರವೂ ಬರಲಿಲ್ಲ. ಎರಡೂ ದಿನ ಫಕೀರೇಶ ಅಂಗಡಿಗೆ ಹೋಗಿ ಕೇಳಿ ಬಂದ.

ಸೋಮವಾರ ಉತ್ತರ ಬಂತು. ಆ ಊರಿನ ಸಭೆ ತೀರ್ಮಾನವನ್ನು ಮುಂದಕ್ಕೆ ಹಾಕಿತ್ತು. ಕಲ್ಲನ್ನು ಬೇಡ ಎಂದಿರಲಿಲ್ಲ, ಬೇಕು ಎಂದೂ ಅಂದಿರಲಿಲ್ಲ. ಒಂದು ಪ್ರಶ್ನೆ ಕೇಳಿತ್ತು. ಗುಡ್ಡದಲ್ಲಿ ಉಳಿದ ಅರ್ಧದಲ್ಲಿ ಏನಿದೆ, ಗುಡ್ಡದ ಜನ ಏನು ಬಯಸುತ್ತಾರೆ?

ಅಷ್ಟೊತ್ತಿಗೆ ಸುದ್ದಿ ಹಬ್ಬಿ ಪಡಸಾಲೆ ತುಂಬ ಜನ ಸೇರಿದ್ದರು. ಪೇಟೆಯಿಂದ ಇಬ್ಬರು ಮಾಸ್ತರರು, ಪತ್ರಿಕೆಯವನೊಬ್ಬ, ತಾಲೂಕು ಕಚೇರಿಯ ಗುಮಾಸ್ತನೊಬ್ಬ. ಎಲ್ಲರ ಕೈಯಲ್ಲೂ ಒಂದೊಂದು ಕಡತ, ಒಂದೊಂದು ವರದಿ. ಮಾಸ್ತರರಲ್ಲಿ ಹಿರಿಯವರು ಫಕೀರೇಶನ ಬೆನ್ನು ತಟ್ಟಿದರು. ಅಲ್ಲಿ ಗೋರಿಗಳಿವೆ ಎಂದು ನಿನಗೆ ಗೊತ್ತೇ ಇದೆ, ಜನರಿಗೆ ಗುಡ್ಡ ಬೇಕೆಂಬುದೂ ಗೊತ್ತಿದೆ, ಈಗಲೇ ಬರೆದು ಕಳಿಸಿಬಿಡು, ಬಿಸಿ ಆರುವ ಮೊದಲೇ ಎಂದರು.

ಫಕೀರೇಶ ಪೆನ್ನು ಎತ್ತಿದ. ಎತ್ತಿದವನು ಕೈಯೊಳಗಿನ ತರಚು ಗಾಯ ನೋಡಿದ. ಪೆನ್ನು ಕೆಳಗಿಟ್ಟು ಎದ್ದ, ಚಪ್ಪಲಿ ಬಿಟ್ಟು ಹೊಳೆಯ ಕಡೆ ನಡೆದ. ಪ್ಯಾಂಟು ಮಡಚಲೂ ಇಲ್ಲ.

ಎಲ್ಲಿಗೆ ಹೋದ ಇವನು ಎಂದು ಗುಮಾಸ್ತ ಕೇಳಿದ. ಗೊತ್ತಿದ್ದದ್ದನ್ನು ಬರೆಯಲು ಇಷ್ಟು ತಡವೇ ಎಂದು ಪತ್ರಿಕೆಯವನು ನಕ್ಕ.

ಅಜ್ಜಾರು ಅವರ ಮಡಿಲಲ್ಲಿದ್ದ ಕಡತಗಳನ್ನು ಒಂದೊಂದಾಗಿ ನೋಡಿದರು. ಗಾಳಿಗೆ ಹಾಳೆಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಎಲ್ಲರೂ ಕೈಯಿಂದ ಒತ್ತಿ ಹಿಡಿದಿದ್ದರು.

"ಅಂವ ಕೇಳಾಕ ಹೋದ. ನೀವೂ ಯಾರದೋ ಬದುಕು ಬರದು ಮಡಿಲಾಗ ಇಟ್ಕೊಂಡೀರಿ. ಅದರ ಮ್ಯಾಲೆ ಅವರ ಕಲ್ಲು ಐತೇನು ನೋಡ್ರಿ. ಇಲ್ಲದಿದ್ರ ಇಲ್ಲಿ ಕುಂದ್ರಬ್ಯಾಡ್ರಿ. ಏಳ್ರಿ, ಹೋಗಿ ಕೇಳ್ರಿ."